ಮೊಣಕೈ ಹಿಡಿದ ಕೈ

ಹೈದರಾಬಾದಿನ ಮಿಯಾಪುರದ ಮೆಟ್ರೋ ಕಂಬಗಳ ಹಿಂದಿನ ಗಲ್ಲಿಯಲ್ಲಿ ಸೀರೆಗೆ ಫಾಲ್ ಹಚ್ಚಿ, ಪೀಕೋ ಹಾಕಿ ಕೊಡುವ ಶಿವದೇವಿಗೆ ಇನ್ನೊಂದು ಕೈಗೆಲಸವೂ ಬರುತ್ತಿತ್ತು. ಗಂಡ ಗುರುಬಸವನ ಗಾಳಕ್ಕೆ ಅವಳು ಹುಸಿಮೀನು ಕಟ್ಟುತ್ತಿದ್ದಳು. ಕಿವಿಗೆ ಹಾಕುವ ಬಡ್ಸ್‌ನ ಹತ್ತಿ ಕಿತ್ತು, ಉಳಿದ ಪ್ಲಾಸ್ಟಿಕ್ ನಳಿಗೆಯ ಮೇಲೆ ಕೋಳಿಗರಿಯನ್ನೂ ಜರಿಯ ಎಳೆಯನ್ನೂ ಸುತ್ತಿ ರೇಷ್ಮೆದಾರದಿಂದ ಬಿಗಿದರೆ ಬೆರಳುದ್ದದ ಮೀನು. ಗಾಳದ ದಾರ ಆ ನಳಿಗೆಯ ಒಳಗಿಂದ ಹಾಯ್ದು ಹಿಂದಿನ ಕೊಕ್ಕೆಗೆ ಸೇರುತ್ತಿತ್ತು. ಬಾಸ್ ಎಂಬ ಬೇಟೆಮೀನು ಕಚ್ಚಿತೆಂದರೆ ನಳಿಗೆ ದಾರದ ಮೇಲೆ ಸರ್ರನೆ ಜಾರಿ ದೂರ ಹೋಗುತ್ತಿತ್ತು, ಗರಿ ಹರಿಯುತ್ತಿರಲಿಲ್ಲ.

ಗುರುಬಸವ ಅಬಿಡ್ಸ್‌ನ ಅಂಗಡಿಯೊಂದರಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಭಾಲ್ಕಿ ಕಡೆಯ, ಮೀನು ಮುಟ್ಟದ ಮನೆತನ. ಹಾಗಾಗಿ ರವಿವಾರ ಶಂಕರಪಲ್ಲಿಯಾಚೆಯ ಮೀನು ಸಾಕುವ ಹೊಂಡದಲ್ಲಿ ಹಿಡಿದದ್ದನ್ನೆಲ್ಲ ಮತ್ತೆ ನೀರಿಗೇ ಬಿಟ್ಟು ಬರುತ್ತಿದ್ದ. ಒಮ್ಮೆ ಶಿವದೇವಿ ತಾನೂ ಬರುತ್ತೇನೆ, ಗಾಳ ಎಸೆಯುವುದನ್ನು ಕಲಿಸಿ ಎಂದು ಕೇಳಿದ್ದಳು.

"ನೀ ಕಟ್ಟಿಕೊಡು, ಸಾಕು. ಹೆಣ್ಮಗಳು ಗಾಳ ಹಿಡ್ಕೊಂಡು ನಿಂತ್ರ ನಮ್ಮ ಮಂದಿ ಏನಂತಾರ?" ಎಂದಿದ್ದ.

ಅವಳು ಮತ್ತೆ ಕೇಳಲಿಲ್ಲ. ಕಟ್ಟುವುದನ್ನು ಬಿಡಲೂ ಇಲ್ಲ.

ಒಂದು ರವಿವಾರ ಹೊಂಡದ ದಂಡೆಯಲ್ಲೇ ಎದೆ ಹಿಡಿದುಕೊಂಡು ಕುಳಿತ ಗುರುಬಸವ ಮೇಲೇಳಲಿಲ್ಲ.

ಮಣ್ಣು ಮಾಡಿ, ಮಳೆಗಾಲವೂ ಕಳೆದ ಮೇಲೆ, ಹೊಂಡ ನೋಡಿಕೊಳ್ಳುವ ರಾಯಚೂರಿನ ಸುಬ್ಬಣ್ಣ ಫೋನ್ ಮಾಡಿದ. ಗಾಳದ ಕೋಲು ಶೆಡ್ಡಿನಲ್ಲೇ ಉಳಿದಿದೆ, ಬಂದು ಒಯ್ಯಿರಿ ಎಂದ. ಇಷ್ಟು ದಿನ ಬಿಟ್ಟು ಈಗೇಕೆ ಎಂದು ಕೇಳಿದ್ದಕ್ಕೆ ತಡವರಿಸಿದ. ಇಳಿಹೊತ್ತಿನಲ್ಲಿ ಗುರುಬಸವ ನಿಲ್ಲುತ್ತಿದ್ದ ಕಡೆಯಿಂದ ದಾರ ಗಾಳಿಯನ್ನು ಸೀಳುವ ಸಪ್ಪಳ ಕೇಳುತ್ತದಂತೆ. ಅಲ್ಲಿ ನೋಡಿದರೆ ಯಾರೂ ಇರುವುದಿಲ್ಲವಂತೆ. ಕೂಲಿಯವರು ಮೀನಿಗೆ ಮೇವು ಹಾಕಲು ಆ ಕಡೆ ಹೋಗುವುದನ್ನೇ ಬಿಟ್ಟಿದ್ದರು.

ಶಿವದೇವಿ ಹೋದಳು. ಅವಳಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಸುಬ್ಬಣ್ಣ ಕೋಲು ಕೈಗಿತ್ತಾಗ ಅದರ ತುದಿಯಲ್ಲಿ ತಾನೇ ಕಟ್ಟಿದ ಹಸಿರು ಜರಿಯ ಹುಸಿಮೀನು ತೂಗುತ್ತಿತ್ತು. ಸೀದಾ ದಂಡೆಗೆ ಹೋಗಿ, ಗಂಡ ನಿಲ್ಲುತ್ತಿದ್ದ ಕಲ್ಲಿನ ಮೇಲೆ ನಿಂತು ಕೋಲೆತ್ತಿದಳು.

ಹಿಂದಿನಿಂದ ಒಂದು ಅಂಗೈ ಅವಳ ಮೊಣಕೈಯನ್ನು ಹಿಡಿಯಿತು.

ಬೆಚ್ಚಗಿತ್ತು. ಗಡಿಯಾರದ ಸಣ್ಣ ತಿರುಪುಗಳನ್ನು ಒತ್ತಿ ಒತ್ತಿ ಗಟ್ಟಿಯಾದ ಹೆಬ್ಬೆರಳಿನ ಆ ಚರ್ಮವನ್ನು ಅವಳು ಬಲ್ಲಳು. ಅದು ಮೊಣಕೈಯನ್ನು ಪಕ್ಕೆಗೆ ಒತ್ತಿ, ದಾರ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ದೂಡಿತು. ದಾರ ನೀರಿನ ಮೇಲೆ ಗೆರೆ ಎಳೆದಂತೆ ಮಲಗಿತು. ನೋಡುತ್ತಿದ್ದ ಸುಬ್ಬಣ್ಣ ಹಿಂದೆ ಸರಿದ.

ಶಿವದೇವಿ ತಿರುಗಿ ನೋಡಲಿಲ್ಲ. "ಈಗ ಕಲಿಸಾಕ ಬಂದ್ರೇನ್ರಿ?" ಎಂದಳು.

ಕೋಲನ್ನು ಮನೆಗೆ ಒಯ್ಯಲಿಲ್ಲ. ಪ್ರತಿ ರವಿವಾರ ತನ್ನ ಪೀಕೋ ಅಂಗಡಿ ಮುಚ್ಚಿ ಬರತೊಡಗಿದಳು. ಎಸೆಯುತ್ತಲೇ ಗಂಡನನ್ನು ಬೈಯುತ್ತಿದ್ದಳು. ಬದುಕಿದ್ದಾಗ ಆಡದೆ ನುಂಗಿದ್ದನ್ನೆಲ್ಲ ಆಡಿದಳು. ಆ ಕೈ ಎಸೆತ ತಪ್ಪಿದಲ್ಲಿ ತಿದ್ದುತ್ತಿತ್ತು, ಅಷ್ಟೆ. ಕೂಲಿಯವರಿಗೆ ಆ ಸಪ್ಪಳ ಕೇಳುವುದು ನಿಂತಿತು. ಆದರೆ ಅವಳಿಗೆ ವಿದ್ಯೆ ಹತ್ತುತ್ತ ಹೋದಂತೆ ಹಿಡಿತ ಸಡಿಲವಾಯಿತು. ಮೊದಲು ಅಂಗೈ, ಆಮೇಲೆ ಬರೀ ಎರಡು ಬೆರಳು, ಕೊನೆಗೆ ಕುಪ್ಪಸದ ತೋಳಿಗೆ ತಾಗಿದಷ್ಟೇ.

ಚಳಿಗಾಲದಲ್ಲಿ ಮೊದಲ ಬಾಸ್ ಕಚ್ಚಿತು. ದಾರ ಬಿಡುತ್ತ, ಎಳೆಯುತ್ತ ದಂಡೆಗೆ ತಂದು, ಕೊಕ್ಕೆ ಬಿಡಿಸಿ, ಮೀನನ್ನು ನೀರೊಳಗೆ ಹಿಡಿದಳು. ಅದು ಬಾಲ ಬಡಿದು ಹೋಯಿತು. ಸಂತೋಷವನ್ನು ಹೇಳಲೆಂದು ಹಿಂದಕ್ಕೆ ತಿರುಗಿದಾಗಲೇ ಅವಳಿಗೆ ಹೊಳೆದದ್ದು: ಆ ಹೊತ್ತೆಲ್ಲ ಮೊಣಕೈ ಮೇಲೆ ಏನೂ ಇರಲಿಲ್ಲ.

ಮುಂದಿನ ರವಿವಾರ ದಾರ ಹುಲ್ಲಿಗೆ ಸಿಕ್ಕಿಕೊಂಡಿತು, ಆಮೇಲೆ ಜಾಲಿಕಂಟಿಗೆ. ಮತ್ತೊಂದು ರವಿವಾರವೂ ಅದೇ ಕಥೆ. ಚಹಾ ತಂದ ಸುಬ್ಬಣ್ಣ ಸ್ವಲ್ಪ ಹೊತ್ತು ನೋಡುತ್ತ ನಿಂತ.

"ವೈನಿ, ನಿಮಗ ಚಲೋ ಬರತೈತ್ರಿ. ಬೇಕಂತ ಯಾಕ ಕೆಡಸಾಕತ್ತೀರಿ?"

ಅವಳು ಮುಳ್ಳಿನಿಂದ ಕೊಕ್ಕೆ ಬಿಡಿಸುತ್ತಿದ್ದಳು. "ನನಗ ಬರತೈತಿ ಅಂತ ಅವರಿಗ ಗೊತ್ತಾಗಬಾರದಿತ್ತು," ಎಂದಳು.

ಈಗಲೂ ಬರುತ್ತಾಳೆ. ಮೊದಲ ಎಸೆತವನ್ನು ಸೊಟ್ಟಗೆ ಎಸೆದು, ಮೊಣಕೈಯನ್ನು ಪಕ್ಕೆಯಿಂದ ದೂರ ಹಿಡಿದು, ನೀರಿನ ಅಲೆ ಅಡಗುವವರೆಗೆ ಕಾಯುತ್ತಾಳೆ. ಆಮೇಲೆ ದಾರ ಎಳೆದುಕೊಂಡು, ನೆಟ್ಟಗೆ ಎಸೆಯುತ್ತಾಳೆ.