ಭೂತಗನ್ನಡಿ ಮೇಡಂ ಓದಿದ ಅರ್ಜಿ

ಪರಿಸರ ಪರವಾನಗಿ ಕಚೇರಿಯಲ್ಲಿ ಅವಳಿಗೆ ಭೂತಗನ್ನಡಿ ಮೇಡಂ ಎಂದೇ ಹೆಸರು. ಕಾರ್ಖಾನೆಗಳ ಅರ್ಜಿಯನ್ನು ಬೇರೆಯವರು ಮೊದಲ ಹತ್ತು ಪುಟ, ಕೊನೆಯ ಎರಡು ಪುಟ ನೋಡಿ ಮುಗಿಸಿದರೆ, ಇವಳು ನಡುವಿನ ಕೋಷ್ಟಕಗಳನ್ನೂ ಬಿಡುತ್ತಿರಲಿಲ್ಲ. ನಿವೃತ್ತಿಗೆ ಎರಡು ವರ್ಷ ಇದ್ದಾಗ ಅವಳ ಮೇಜಿಗೆ ಬಂದದ್ದು ಹಳೇ ಕಲ್ಲಿದ್ದಲು ಯಾರ್ಡಿನ ಕಡತ. ರೈಲಿನಲ್ಲಿ ಬಂದ ಕಲ್ಲಿದ್ದಲನ್ನು ಅಲ್ಲಿ ಗುಡ್ಡೆ ಹಾಕಿ ಲಾರಿಗೆ ತುಂಬುತ್ತಿದ್ದರು. ಪರವಾನಗಿ ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸಬೇಕು, ಗುಡ್ಡೆಗಳನ್ನು ಎರಡು ಪಟ್ಟು ಎತ್ತರಿಸಲೂ ಬಿಡಬೇಕು ಎಂಬುದು ಅರ್ಜಿ.

ಯಾರ್ಡಿನ ಹೆಸರು ನೋಡಿದ್ದೇ ಅವಳು ಕಡತ ಮುಚ್ಚಿದಳು. ಅಪ್ಪ ಮೂವತ್ತು ವರ್ಷ ಕ್ರೇನ್ ನಡೆಸಿದ್ದು ಆ ಯಾರ್ಡಿನಲ್ಲೇ. ಅದರ ಗೋಡೆಗಂಟಿದ ಬೀದಿಯಲ್ಲೇ ಅವಳು ಬೆಳೆದದ್ದು. ಕಡತ ಹಿಡಿದುಕೊಂಡು ನೇರ ಸಾಹೇಬರ ಕೋಣೆಗೆ ಹೋದಳು.

“ಸರ್, ಇದು ನನಗೆ ಬೇಡ. ನಮ್ಮಪ್ಪ ಅಲ್ಲಿ ಕೆಲಸ ಮಾಡ್ತಿದ್ರು.”

“ಈಗ ಇದ್ದಾರಾ?”

“ಇಲ್ಲ ಸರ್. ಹೋಗಿ ಹದಿನೈದು ವರ್ಷ ಆಯ್ತು.”

“ಮತ್ತೆ ನಿಮಗೇನಮ್ಮ ಸಂಬಂಧ?”

“ಬರೀ ನೆನಪು ಸರ್.”

“ನೆನಪಿಗೆ ನಮ್ಮ ನಮೂನೇಲಿ ಕಾಲಂ ಇಲ್ಲ. ಒಂದು ಹಾಳೇಲಿ ಬರೆದು ಕಡತಕ್ಕೆ ಸೇರಿಸಿ, ಓದಿ.”

ಬರೆದುಕೊಟ್ಟಳು. ಆದರೆ ಓದಲು ಕೂತರೆ ಅಕ್ಷರಗಳ ನಡುವೆ ಅಪ್ಪನೇ ಬಂದು ನಿಲ್ಲುತ್ತಿದ್ದ. ಕೆಲಸ ಮುಗಿಸಿ ಬಂದವನು ಹೊಸಿಲಾಚೆ ಎರಡೂ ಕೈ ಎತ್ತಿ ನಿಲ್ಲುತ್ತಿದ್ದ. ಅಮ್ಮ ಹಳೇ ಟವೆಲಿನಿಂದ ಪಟಪಟ ಬಡಿದು ಧೂಳು ಕೊಡವುವಳು. ಹಲ್ಲು, ಕಣ್ಣಿನ ಬಿಳಿ ಬಿಟ್ಟರೆ ಮೈಯೆಲ್ಲ ಮಸಿ. “ಮೊದಲು ಸೋಪು, ಆಮೇಲೆ ಮುದ್ದು” ಎಂದು ಅಮ್ಮ ಗದರಿದರೂ, ಅವನು ಮಗಳ ಮೂಗಿನ ತುದಿಗೊಂದು ಕರಿಚುಕ್ಕೆ ಇಟ್ಟೇ ಬಚ್ಚಲಿಗೆ ಹೋಗುತ್ತಿದ್ದ. ಗಾಳಿ ಯಾರ್ಡಿನ ಕಡೆಯಿಂದ ಬೀಸಿದ ದಿನ ಅಮ್ಮ ಬಾಗಿಲಿಗೆ ಬಂದು, “ಬಟ್ಟೆ ಒಳಗೆ ತಗೊಳ್ರೇ!” ಎಂದು ಕೂಗಿದರೆ ಸಾಕು, ಇಡೀ ಬೀದಿಯ ಹೆಂಗಸರು ಎದ್ದು ಬಿದ್ದು ಓಡುತ್ತಿದ್ದರು. ವಾರದಲ್ಲಿ ನಾಲ್ಕು ದಿನವಾದರೂ ಆ ಕೂಗು ಕೇಳುತ್ತಿತ್ತು.

ಇನ್ನೂರ ಹನ್ನೆರಡನೇ ಪುಟದಲ್ಲಿ ಅವಳ ಬೆರಳು ನಿಂತಿತು. ವರ್ಷದ ಒಂಬತ್ತು ತಿಂಗಳು ಗಾಳಿ ಬೀದಿಯಿಂದ ಯಾರ್ಡಿನ ಕಡೆಗೇ ಬೀಸುತ್ತದೆ ಎಂದು ಅಲ್ಲಿ ಬರೆದಿತ್ತು. ಗಾಳಿಯನ್ನು ಅಳೆದದ್ದು ಗುಡ್ಡದಾಚೆ ಇಪ್ಪತ್ತು ಕಿಲೋಮೀಟರ್ ದೂರದಲ್ಲಿ. ನಕ್ಷೆ ತೆರೆದು ನೋಡಿದರೆ ಅವಳ ಬೀದಿಯ ಜಾಗದಲ್ಲಿ ‘ಖಾಲಿ ಗೋದಾಮುಗಳು’ ಎಂದಿತ್ತು. ಅಮ್ಮನ ಕೂಗನ್ನು ಸಾಕ್ಷಿಯೆಂದು ಕಡತಕ್ಕೆ ಹಚ್ಚುವಂತಿರಲಿಲ್ಲ. ಸ್ಥಳ ತನಿಖೆಗೆ ಹೊರಟಳು.

ಗೋದಾಮುಗಳೆಂದ ಕಡೆ ಹನ್ನೊಂದು ಮನೆಗಳಲ್ಲಿ ಸಂಸಾರಗಳಿದ್ದವು. ಮೂಲೆಮನೆಯಲ್ಲಿ ಬೀದಿಗೆಲ್ಲ ಅತ್ತೆಯಾಗಿದ್ದ ಟೈಲರ್ ಅತ್ತೆ ಇನ್ನೂ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಎಂಬತ್ತು ದಾಟಿತ್ತು.

“ಕ್ರೇನಪ್ಪನ ಮಗಳಲ್ವೇನೇ ನೀನು? ಅದೇ ಬಾತುಕೋಳಿ ನಡಿಗೆ!”

ಅಧಿಕಾರಿಯ ಗತ್ತೆಲ್ಲ ಅಲ್ಲೇ ಇಳಿದುಹೋಯಿತು. “ಹೂಂ ಅತ್ತೆ, ನಾನೇ” ಎಂದು ಪಕ್ಕದಲ್ಲಿ ಕೂತಳು. ಅತ್ತೆ ಬಿಳಿ ಬಟ್ಟೆ ಹೊಲಿಯುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತಂತೆ. “ಕಾಲರ್ ಹಚ್ಚೋ ಹೊತ್ತಿಗೆ ಬೂದಿ ಬಣ್ಣ ಬಂದಿರುತ್ತೆ” ಎಂದಳು. ಮಾತಿನ ಮಧ್ಯೆ ಎರಡು ಸಲ ಕೆಮ್ಮಿ, ಅವಳ ಕೈ ಹಿಡಿದುಕೊಂಡಳು. “ಯಾರ್ಡ್ ಮುಚ್ಚಿಸ್ಬೇಡ ಕಣೇ. ಅರ್ಧ ಬೀದಿ ಉಣ್ಣೋದು ಅದರಿಂದಲೇ. ಉಸಿರಾಡೋಕೆ ಬಿಟ್ರೆ ಸಾಕು.”

ಅವಳು ಮೂರು ಮನೆಗಳ ಚಾವಣಿಯಲ್ಲಿ ಧೂಳು ಹಿಡಿಯುವ ಜಾಡಿಗಳನ್ನೂ ಗಾಳಿ ಅಳೆಯುವ ಯಂತ್ರವನ್ನೂ ಇಡಿಸಿದಳು. ಯಾರ್ಡಿನ ಮ್ಯಾನೇಜರ್ ಕಚೇರಿಗೇ ಬಂದು ಸಿಡಿಮಿಡಿಗೊಂಡ.

“ಮೇಡಂ, ಇಷ್ಟು ವರ್ಷ ಯಾರೂ ಇದನ್ನೆಲ್ಲ ಕೇಳಿರ್ಲಿಲ್ಲ.”

“ಇಷ್ಟು ವರ್ಷ ನಿಮ್ಮ ಅರ್ಜಿ ನನ್ನ ಮೇಜಿಗೆ ಬಂದಿರ್ಲಿಲ್ಲ.”

ಒಂದು ವರ್ಷದ ಲೆಕ್ಕ ಸ್ಪಷ್ಟವಾಗಿತ್ತು: ಮೂರು ದಿನಕ್ಕೆ ಎರಡು ದಿನ ಗಾಳಿ ಬೀದಿಯತ್ತಲೇ ಬೀಸುತ್ತಿತ್ತು, ಧೂಳು ಮಿತಿಯ ಮೂರು ಪಟ್ಟು ಇತ್ತು. ಶಾಲೆಯ ಸಭಾಂಗಣದಲ್ಲಿ ಜನರ ಅಹವಾಲು ಕೇಳಿದಾಗ ಮ್ಯಾನೇಜರಿಗೆ ಆ ಅಂಕಿಗಳನ್ನು ಅಲ್ಲಗಳೆಯಲಾಗಲಿಲ್ಲ. ಗುಡ್ಡೆ ಎತ್ತರಿಸಲು ಅನುಮತಿ ಸಿಗಲಿಲ್ಲ. ಹಳೇ ಪರವಾನಗಿ ಮುಂದುವರಿಯಿತು, ಷರತ್ತುಗಳೊಂದಿಗೆ: ಬೀದಿಯ ಕಡೆಯ ಗುಡ್ಡೆಗಳಿಗೆ ಮಾಡು ಹಾಕಬೇಕು, ನೀರು ಚಿಮುಕಿಸಬೇಕು, ಗಾಳಿ ಬೀದಿಯತ್ತ ಜೋರಾಗಿ ಬೀಸುವಾಗ ಲಾರಿ ತುಂಬುವುದನ್ನು ನಿಲ್ಲಿಸಬೇಕು. ಯಾರ ಕೆಲಸವೂ ಹೋಗಲಿಲ್ಲ.

ವರದಿಗೆ ಸಹಿ ಹಾಕಿದ ಸಂಜೆ ತಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದಳು. ಮಾತು ತಾನಾಗಿಯೇ ಹಳೇ ದಿನಗಳಿಗೆ ಹೊರಳಿತು. ಒಂದು ಭಾನುವಾರ ಅಪ್ಪ ಇಬ್ಬರನ್ನೂ ಕ್ರೇನಿನ ಕ್ಯಾಬಿನ್ನಿಗೆ ಹತ್ತಿಸಿದ್ದನ್ನು ತಮ್ಮ ನೆನೆದ. ಮೇಲಿಂದ ಮನೆ ಬೆಂಕಿಪೊಟ್ಟಣದಷ್ಟು ಕಂಡಿತ್ತು. ಇಳಿಯಲು ಒಪ್ಪದೆ ಅವನು ಅತ್ತಿದ್ದ.

“ಅಲ್ಲ ಅಕ್ಕಾ, ಅಪ್ಪ ಇದ್ದಿದ್ರೆ ಈಗ ಏನನ್ನೋರು?”

“ಕೆಲಸ ಸರಿಯಾಗಿ ಮಾಡಿದ್ಯಾ ಅಂತ ಕೇಳೋರು. ಆಮೇಲೆ ಎರಡು ದಿನ ಮಾತು ಬಿಡೋರು.”

ಆ ಕಡೆಯಿಂದ ತಮ್ಮ ಗೊಳ್ಳೆಂದು ನಕ್ಕ. ಅವಳೂ ನಕ್ಕಳು. ನಗುನಗುತ್ತಲೇ ಕಣ್ಣು ತುಂಬಿ ಬಂದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.