ಔಷಧಿ ಕಾಣದ ಸಾಲು

ಗಂಟಣ್ಣ ಬುಧವಾರ ಬೆಳಿಗ್ಗೆ ತೀರಿಕೊಂಡ. ಎದೆನೋವು ಎಂದು ಹೆಂಡತಿಯನ್ನು ಕೂಗಿದ. ಅವಳು ಒಲೆ ಆರಿಸಿ ಬರುವಷ್ಟರಲ್ಲಿ ಮುಗಿದಿತ್ತು. ಐವತ್ತಾರು ವರ್ಷ.

ಗಂಟಣ್ಣ ಎಂಬುದು ಅವನ ನಿಜವಾದ ಹೆಸರಲ್ಲ. ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತೆರಡು ವರ್ಷ ಎಲೆಕೋಸಿನ ಬೇರು ಕಿತ್ತು ಗಂಟು ಎಣಿಸಿದವನಿಗೆ ಜೊತೆಯವರು ಇಟ್ಟದ್ದು. ಮಣ್ಣಿನಲ್ಲಿರುವ ರೋಗವೊಂದು ಎಳೆ ಬೇರಿನೊಳಗೆ ಹೊಕ್ಕು ಅದನ್ನು ಊದಿದ ಬೆರಳಿನಂತೆ ಮಾಡುತ್ತದೆ; ಬೇರು ನೀರೆಳೆಯಲಾರದೆ ಗಿಡ ಮಟಮಟ ಮಧ್ಯಾಹ್ನ ಜೋಲುತ್ತದೆ. ನಾಟಿಯ ದಿನವೇ ಗುಣಿಗೆ ಶಿಲೀಂಧ್ರನಾಶಕದ ನೀರು ಹೊಯ್ದರೆ, ಬೇರು ಬಲಿಯುವವರೆಗೆ ಕೆಲವು ವಾರ ಕಾವಲು ಸಿಗುತ್ತದೆ, ಬೆಳೆ ಕೈಗೆ ಬರುತ್ತದೆ. ಆದರೆ ಮಣ್ಣಿನಲ್ಲಿ ಮಲಗಿದ ರೋಗ ಸಾಯುವುದಿಲ್ಲ. ಹದಿನೈದು ವರ್ಷ ಬೇಕಾದರೂ ಕಾಯುತ್ತದೆ.

ಹೊಸ ಔಷಧಿ ಕೆಲಸ ಮಾಡಿತೋ ಇಲ್ಲವೋ ತಿಳಿಯಲು ಪಕ್ಕದಲ್ಲಿ ಔಷಧಿ ಕಾಣದ ಸಾಲೊಂದು ಇರಲೇಬೇಕು. ಕೇಂದ್ರದ ಆ ಪ್ರಯೋಗದ ಹೊಲ ವಾಸಿಯಾಗದಂತೆ ನೋಡಿಕೊಳ್ಳುವುದೇ ಗಂಟಣ್ಣನ ಕೆಲಸ. ಪ್ರತಿ ಬೆಳೆ ಮುಗಿದಾಗ ಕೊಳೆತ ಗಂಟುಗಳನ್ನು ಕೊಚ್ಚಿ ಅದೇ ಮಣ್ಣಿಗೆ ಉಣಿಸುತ್ತಿದ್ದ. ಮೂರು ಸಲ ವರ್ಗ ಕೇಳಿದ. "ನಿಮ್ಮಷ್ಟು ಚೆನ್ನಾಗಿ ರೋಗ ಸಾಕೋರು ಇನ್ಯಾರಿದ್ದಾರೆ ಹೇಳಿ?" ಎಂದು ಸಾಹೇಬರು ನಕ್ಕು ಅರ್ಜಿ ಮಡಚಿಟ್ಟರು.

ಅವನ ತಂಗಿ ಎರಡು ಮೈಲಿ ದೂರದಲ್ಲಿ ಕೋಸು ಬೆಳೆಯುತ್ತಿದ್ದಳು. ರೋಗ ಹರಡಲು ಉಗುರುಸಂದಿಯ ಮಣ್ಣೂ ಸಾಕು ಎಂದು ಹೆದರಿ ಅವನು ಅವಳ ಹೊಲಕ್ಕೆ ಕಾಲಿಟ್ಟವನಲ್ಲ. ಬೇಲಿಯಾಚೆ ನಿಂತೇ ಮಾತು.

"ಹಾಳು ರೋಗಕ್ಕೆ ದಿನಾ ಸೇವೆ ಮಾಡ್ತೀಯ, ಒಡಹುಟ್ಟಿದೋಳ ಹೊಲಕ್ಕೆ ಮಾತ್ರ ನಿನ್ನ ಕಾಲು ಬರಲ್ಲ."

"ಬರ್ತೀನಿ ಕಣೇ, ಪಿಂಚಣಿ ಬರ್ಲಿ."

ಈ ವರ್ಷ ಕೊಂಡುತಂದ ಸಸಿಗಳ ಜೊತೆ ರೋಗ ಅವಳ ಹೊಲಕ್ಕೂ ಬಂತು. ಊದಿದ ಬೇರೊಂದನ್ನು ಬೇಲಿಯ ಮೇಲಿಟ್ಟು ಅವಳು ಹೇಳಿದಳು: "ಇನ್ನೇನು ಕೆಡೋಕಿದೆ ಅಣ್ಣ? ಈಗ್ಲಾದ್ರೂ ಒಳಗೆ ಬಾ."

ಸಾಯುವ ಹಿಂದಿನ ದಿನ, ಮಂಗಳವಾರ, ರಜೆ ಹಾಕಿ ಹೋದ. ಕೆಟ್ಟ ಗಿಡ ಕಿತ್ತ ಜಾಗದಲ್ಲಿ ಅಣ್ಣ ತಂಗಿ ಸೇರಿ ಹೊಸ ಸಸಿ ನೆಟ್ಟರು. ಮನೆಯಲ್ಲೇ ತೂಗಿ ತಂದಿದ್ದ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ ಗುಣಿಗೊಂದು ಲೋಟ ಹೊಯ್ಯುತ್ತ ಬಂದ. ಸಂಜೆ ಹೊತ್ತಿಗೆ ಬಕೆಟ್ಟು ಬರಿದಾಯಿತು. ಕೊನೆಯ ಸಾಲು ಉಳಿದಿತ್ತು.

"ಇದಕ್ಕೆ?"

ಅವನು ಖಾಲಿ ಪೊಟ್ಟಣ ನೋಡುತ್ತ ನಿಂತ. ಕೇಂದ್ರದ ಲೆಕ್ಕದಂತೆ ಒಂದು ಸಾಲು ಬಿಟ್ಟು ತೂಗುವುದು ಕೈಗೆ ರೂಢಿಯಾಗಿಬಿಟ್ಟಿತ್ತು.

"ಹೋಗ್ಲಿ ಬಿಡು, ಒಂದೇ ಸಾಲು ತಾನೆ. ನಿಮ್ಮ ಸಾಹೇಬರಿಗೆ ತೋರಿಸೋಕಾಗತ್ತೆ," ಎಂದಳು ತಂಗಿ.

ಅವನು ನಗಲಿಲ್ಲ. "ಇಲ್ಲೂ ರೋಗ ಸಾಕಲ್ಲ ನಾನು," ಎಂದು ಮಂಡಿಯೂರಿ ಕೂತು, ಆಗಷ್ಟೇ ನೆಟ್ಟ ಸಸಿಗಳನ್ನು ಒಂದೊಂದಾಗಿ ಕೀಳತೊಡಗಿದ. ತಂಗಿ ಬೈದಳು, ಕೈ ಹಿಡಿದಳು. ನಲವತ್ತನ್ನೂ ಕಿತ್ತು ಚೀಲಕ್ಕೆ ತುಂಬಿ ಬಾಯಿ ಕಟ್ಟಿದ.