ಬೋರ್ಡಿನ ಶಿವಗಂಗವ್ವ

ಪುಣೆಯ ಹತ್ತಿರದ ಭೋಸರಿಯ ನಮ್ಮ ಪಂಪಿನ ಕಾರ್ಖಾನೆಯಲ್ಲಿ ಕಳ್ಳರನ್ನು ತಡೆಯಲು ಮೂರು ಏರ್ಪಾಡುಗಳಿದ್ದವು. ಗೇಟಿನಲ್ಲಿ ಇಬ್ಬರು ಕಾವಲುಗಾರರು, ಕಾಂಪೌಂಡಿನ ಗೋಡೆಯ ಮೇಲೆ ಒಡೆದ ಗಾಜು, ಟೆಲಿಫೋನ್ ಬೋರ್ಡಿನ ಮುಂದೆ ಶಿವಗಂಗವ್ವ. ಕಾವಲುಗಾರರು ಮಧ್ಯಾಹ್ನ ಊಟವಾದ ಮೇಲೆ ತೂಕಡಿಸುತ್ತಿದ್ದರು. ಗಾಜನ್ನು ಬೆಕ್ಕುಗಳೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಕೆಲಸ ಮಾಡುತ್ತಿದ್ದವಳು ಇವಳೊಬ್ಬಳೇ, ಕೊನೆಗೆ ಶಿಕ್ಷೆ ಆದದ್ದೂ ಇವಳೊಬ್ಬಳಿಗೇ. ನಾನು ಅದೇ ಕಾರ್ಖಾನೆಯಲ್ಲಿ ಮಾಲು ರವಾನಿಸುವ ವಿಭಾಗದ ಗುಮಾಸ್ತನಾಗಿದ್ದೆ, ಹೆಸರು ಮನೋಹರ. ಈ ಕಥೆಯಲ್ಲಿ ನನ್ನ ಪಾಲೂ ಇದೆ. ಅದನ್ನು ಬಿಟ್ಟು ಹೇಳಿದರೆ ಸುಳ್ಳಾಗುತ್ತದೆ.

ಅವಳ ಅವ್ವ ಮಾನಮ್ಮ ಆಳಂದದ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದವಳು. ಯೆರವಡಾದಲ್ಲಿ ತಗಡಿನ ಮಾಡಿನ ಒಂದು ಕೋಣೆ. ಅವ್ವ ಬುಟ್ಟಿ ಹೊತ್ತಳು, ಮಗಳು ಮುನಿಸಿಪಾಲಿಟಿಯ ಮರಾಠಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಟೈಪಿಂಗ್ ಕ್ಲಾಸಿಗೆ ಹೋಗಿ, ಫೋನಿಗೆ ಬೇಕಾದಷ್ಟು ಇಂಗ್ಲಿಷು ಕಲಿತಳು. ೧೯೯೦ರಲ್ಲಿ ನಮ್ಮಲ್ಲಿ ಬೋರ್ಡಿನ ಕೆಲಸಕ್ಕೆ ಸೇರಿದಾಗ ಅವಳಿಗೆ ಇಪ್ಪತ್ತೆರಡು. ಆಫೀಸಿನವರಿಗೆ ಶಿವಗಂಗವ್ವ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ, ಗಂಗಾ ಮ್ಯಾಡಮ್ ಮಾಡಿದರು. ಅವಳಿಗೆ ಮದುವೆ ಆಗಲಿಲ್ಲ. ಸತ್ತ ಅಕ್ಕನ ಮಗಳು ದುರ್ಗಾಳನ್ನು ತಂದು ಸಾಕಿಕೊಂಡಿದ್ದಳು.

ಸೇರಿದ ಮೊದಲ ವಾರವೇ ನನ್ನ ಮನೆತನದ ಅಡ್ಡಹೆಸರು ಕೇಳಿ ನನ್ನ ಟೇಬಲ್ಲಿನ ಹತ್ತಿರ ಬಂದು, "ಸಾಹೇಬ್ರ, ನೀವು ನಮ್ಮ ಕಡಿಯವ್ರೇನ್ರಿ?" ಎಂದಳು. ಸುತ್ತ ನಾಲ್ಕು ಜನ ಕೂತಿದ್ದರು. ನಮ್ಮದು ವಿಜಾಪುರದ ವ್ಯಾಪಾರಸ್ಥರ ಮನೆತನ, ಎರಡು ತಲೆಮಾರಿನಿಂದ ಪುಣೆಯಲ್ಲಿದ್ದೇವೆ. ಕನ್ನಡ ಎಂದರೆ ಕಟ್ಟಡದ ಕೆಲಸದಲ್ಲಿ ಮರಳಿನ ಗುಡ್ಡೆಯ ಮೇಲೆ ಕೂತು ರೊಟ್ಟಿ ತಿನ್ನುವವರ ಮಾತು ಎಂದು ತಿಳಿದಿದ್ದ ಆಫೀಸಿನಲ್ಲಿ ನಾನು ಕಷ್ಟಪಟ್ಟು ಪುಣೇಕರನಾಗಿದ್ದೆ. ಕೆಲಸ ಬಹಳ ಇದೆ ಎಂದು ಮರಾಠಿಯಲ್ಲಿ ಹೇಳಿ ಫೈಲು ತೆಗೆದೆ. ಅವಳು ಮತ್ತೆ ಕೇಳಲಿಲ್ಲ. ಮುಂದೆ ಹನ್ನೊಂದು ವರ್ಷ ನಾವಿಬ್ಬರೂ ಮರಾಠಿಯಲ್ಲೇ ಮಾತಾಡಿದೆವು. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಬೋರ್ಡಿನ ಮೇಲೆ ಅವಳು ಹುಲಿ. ಇಂದಾಪುರದ ಡೀಲರನನ್ನು ಅವನ ಕೆಮ್ಮಿನಿಂದಲೇ ಗುರುತಿಸುತ್ತಿದ್ದಳು. ಹೊಸ ದನಿ ಬಂದರೆ ಅವಳದು ಒಂದೇ ಪದ್ಧತಿ: ನಿಮ್ಮ ನಂಬರು ಕೊಡಿ, ನಾನೇ ತಿರುಗಿ ಮಾಡುತ್ತೇನೆ. ಯಾರೂ ಕಲಿಸಿಕೊಟ್ಟದ್ದಲ್ಲ. ಒಮ್ಮೆ ಒಬ್ಬ ಮಾಲೀಕರ ತಮ್ಮನೆಂದು ಹೇಳಿಕೊಂಡು, ಸರ್ಕಾರಿ ಟೆಂಡರಿಗೆ ನಾವು ಯಾವ ದರ ಹಾಕಿದ್ದೇವೆಂದು ಗದರಿಸಿ ಕೇಳಿದ. ಇವಳು ಮಾಲೀಕರ ತಮ್ಮನ ಮನೆಗೇ ಫೋನು ಹಚ್ಚಿದಳು. ಆತ ಆಗ ತಾನೇ ಸ್ನಾನಕ್ಕೆ ಹೋಗಿದ್ದ. ಮಾಲೀಕರು ಅವತ್ತು ಇಡೀ ಆಫೀಸಿಗೆ ಪೇಢೆ ಹಂಚಿಸಿದರು. ಬಂದ ಪ್ರತಿ ಫೋನಿನ ಹೊತ್ತು, ಹೆಸರು, ಕೆಲಸ ಅವಳು ಒಂದು ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದಳು.

೧೯೯೭ರಲ್ಲಿ ಪಂಪುಗಳ ನಕ್ಷೆಗಳೆಲ್ಲ ಕಂಪ್ಯೂಟರಿನೊಳಗೆ ಹೋದವು. ಅದನ್ನು ಮಾರಿದ ಮುಂಬೈ ಕಂಪನಿಯವರು, ಕೆಟ್ಟರೆ ಅಲ್ಲಿಂದಲೇ ಫೋನಿನ ತಂತಿಯಲ್ಲಿ ಒಳಗೆ ಬಂದು ರಿಪೇರಿ ಮಾಡುತ್ತೇವೆ ಎಂದರು. ಅದಕ್ಕೊಂದು ಮೋಡೆಮ್ ಎಂಬ ಡಬ್ಬಿ. ಲೈನುಗಳೆಲ್ಲ ಬೋರ್ಡಿನ ಕೋಣೆಯಲ್ಲಿ ಇದ್ದುದರಿಂದ ಡಬ್ಬಿಯನ್ನೂ ಅಲ್ಲೇ ಇಟ್ಟರು. ಮುಂಬೈಯವರು ಕೇಳಿದಾಗ ಶಿವಗಂಗವ್ವ ಅದರ ಗುಂಡಿ ಒತ್ತಬೇಕು, ಕೆಲಸವಾದ ಮೇಲೆ ಆರಿಸಬೇಕು. ಒಳಗೆ ಹೋಗಲು ಪಾಸ್‌ವರ್ಡ್ ಬೇಕಲ್ಲ, ಅದು ಮಾಲೀಕರ ಮೊಮ್ಮಗಳ ಹೆಸರು. ನಾಮಕರಣದ ಊಟಕ್ಕೆ ಕಾರ್ಖಾನೆಯವರೆಲ್ಲ ಹೋಗಿದ್ದೆವು, ಹಾಗಾಗಿ ಗೊತ್ತಿಲ್ಲದವರೇ ಇರಲಿಲ್ಲ. ಸಾಲದ್ದಕ್ಕೆ ಚೀಟಿಯಲ್ಲಿ ಬರೆದು ಕಂಪ್ಯೂಟರಿನ ಮೂತಿಗೂ ಅಂಟಿಸಿದ್ದರು. ಮನೆಗೆ ಬಂದವರೆಲ್ಲ ನೋಡುವ ಹಾಗೆ ಬೀಗದ ಕೈ ಬಾಗಿಲಿಗೇ ನೇತುಹಾಕಿದ ಹಾಗಿತ್ತು ಅದು.

ಮರುವರ್ಷ ಮಾನಮ್ಮ ತೀರಿಕೊಂಡಳು. ದುರ್ಗಾ ಮರಾಠಿ ಶಾಲೆಯ ಹುಡುಗಿ, ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವವಳು. ಶಿವಗಂಗವ್ವನ ಜೊತೆ ಕನ್ನಡ ಆಡುವುದಕ್ಕೆ ಮನೆಯಲ್ಲೂ ಜನ ಉಳಿಯಲಿಲ್ಲ. ಆಫೀಸಿನಲ್ಲಿ ಒಬ್ಬ ಇದ್ದ, ಅವನ ಬಗ್ಗೆ ಆಗಲೇ ಹೇಳಿದ್ದೇನೆ.

ಹಾಗಿರುವಾಗ ಒಂದು ಮಂಗಳವಾರ ಮುಂಬೈ ಕಂಪನಿಯಿಂದ ಎಂದು ಫೋನು ಬಂತು. ಹೊಸ ದನಿ. ಇವಳು ಪದ್ಧತಿಯಂತೆ ನಂಬರು ಕೇಳಿದಳು. ಆ ಕಡೆಯವನು ಇವಳ ಹಿಂದಿಯನ್ನು ಕೇಳಿಸಿಕೊಂಡು, ಅಕ್ಕಾ, ನೀವು ಆಳಂದದ ಕಡೆಯವರೇನು ಎಂದು ಅಚ್ಚ ಅಲ್ಲಿಯ ಕನ್ನಡದಲ್ಲೇ ಕೇಳಿದ. ತನ್ನ ಹೆಸರು ಸಿದ್ದಾರೂಢ ಎಂದ. ಊರಿನ ಮಳೆ ಬೆಳೆ ಮಾತಾಡಿದ, ಅವ್ವ ಹೋದಳೆಂದು ತಿಳಿದು ಮರುಗಿದ. ಇವಳು ನಂಬರು ತೆಗೆದುಕೊಳ್ಳುವುದನ್ನು ಮರೆತು ಗುಂಡಿ ಒತ್ತಿದಳು. ಮುಂದೆ ನಾಲ್ಕು ತಿಂಗಳು ಪ್ರತಿ ಮಂಗಳವಾರ ಎರಡು ನಿಮಿಷ ಕನ್ನಡ, ಆಮೇಲೆ ಗುಂಡಿ. ಪಾಸ್‌ವರ್ಡನ್ನು ಅವನು ಅವಳಿಂದ ಒಮ್ಮೆಯೂ ಕೇಳಲಿಲ್ಲ. ಅದನ್ನು ಕೊಟ್ಟವರು ಬೇರೆ ಯಾರೋ, ಚೀಟಿ ನೋಡಿದ ನೂರು ಜನರಲ್ಲಿ ಒಬ್ಬರು.

ಕಳ್ಳತನ ಬಯಲಾದದ್ದು ಒಂದು ತೂತಿನಿಂದ. ನಮ್ಮ ಹಳೆಯ ಪಂಪಿನ ನಕ್ಷೆಯಲ್ಲಿ ಯಾರೋ ತಪ್ಪಿ ಹಾಕಿದ ಒಂದು ತೂತಿತ್ತು, ಯಾವ ಕೆಲಸಕ್ಕೂ ಬಾರದ್ದು. ಪ್ರದರ್ಶನವೊಂದರಲ್ಲಿ ಬೇರೆ ಕಂಪನಿಯ ಹೊಚ್ಚ ಹೊಸ ಪಂಪಿಗೆ ಅದೇ ಜಾಗದಲ್ಲಿ ಅದೇ ತೂತು ಇದ್ದುದನ್ನು ನಮ್ಮ ಎಂಜಿನಿಯರ್ ನೋಡಿ ಬಂದ. ವಿಚಾರಣೆ ನಡೆಯಿತು. ಸಿದ್ದಾರೂಢ ಎಂಬವನು ನಮ್ಮಲ್ಲಿ ಇಲ್ಲವೇ ಇಲ್ಲ ಎಂದು ಮುಂಬೈಯವರು ಕೈತೊಳೆದುಕೊಂಡರು. ಉಳಿದ ಸಾಕ್ಷಿ ಒಂದೇ, ಶಿವಗಂಗವ್ವನ ರಿಜಿಸ್ಟರು. ಹದಿನಾರು ಮಂಗಳವಾರ, ಹೊತ್ತು ಸಮೇತ, ಅವಳ ದುಂಡನೆಯ ಅಕ್ಷರದಲ್ಲೇ ಇತ್ತು. ಬರೆಯದೆ ಬಿಟ್ಟಿದ್ದರೆ ಅವಳ ಕೂದಲೂ ಕೊಂಕುತ್ತಿರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಚೀಟಿ ಅಂಟಿಸಿದ ಅಧಿಕಾರಿಯನ್ನು ಯಾರೂ ಏನೂ ಕೇಳಲಿಲ್ಲ. ಪಾಸ್‌ವರ್ಡು ಗೇಟಿನ ಕಾವಲುಗಾರನಿಗೂ ಗೊತ್ತಿತ್ತು ಎಂದು ನಾನು ಹೇಳಬಹುದಾಗಿತ್ತು. ವಿಚಾರಣೆಯಲ್ಲಿ ನನ್ನನ್ನೂ ಕೂರಿಸಿದ್ದರು. ಆದರೆ ಆ ಅಧಿಕಾರಿಯೇ ನನ್ನ ಬಡ್ತಿಯ ಕಾಗದಕ್ಕೆ ಸಹಿ ಹಾಕುವವನು, ಆದ್ದರಿಂದ ನಾನು ನೀರು ಕುಡಿದು ಸುಮ್ಮನೆ ಕೂತೆ. ಹಳೆಯ ಕೆಲಸಗಾತಿ ಎಂದು ಮಾಲೀಕರು ಅವಳನ್ನು ಉಳಿಸಿಕೊಂಡರು. ಇನ್ನೊಂದು ತಪ್ಪಾದರೆ ಅವತ್ತೇ ಮನೆಗೆ ಎಂದು ಬರೆಸಿ ಸಹಿ ಹಾಕಿಸಿಕೊಂಡರು. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೋರ್ಡಿಗೆ ಎಲ್ಲ ಕಡೆ ಎಳೆಯ ಹುಡುಗಿಯರನ್ನು ಕೇಳುವ ಕಾಲ, ದುರ್ಗಾ ಒಂಬತ್ತನೆಯಲ್ಲಿದ್ದಳು. ಆ ಕುರ್ಚಿ ಹೋದರೆ ಮತ್ತೆ ಅವ್ವನ ಬುಟ್ಟಿಯೇ ಗತಿ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಕಾರ್ಖಾನೆಯನ್ನು ಕಾಯುವುದು ಹೇಗೆಂದು ಕಲಿಸಲು ಶೀತಲ್ ಎಂಬ ಸಲಹೆಗಾರನನ್ನು ಕರೆಸಿದರು. ಯೆರವಡಾದಲ್ಲಿ ಹೊಸದಾಗಿ ಎದ್ದ ಗಾಜಿನ ಕಟ್ಟಡದಲ್ಲಿ ಅವನ ಆಫೀಸು. ಮನುಷ್ಯ ದಡ್ಡನಲ್ಲ. ಚೀಟಿ ಕೀಳಿಸಿದ, ಮೊಮ್ಮಗಳ ಹೆಸರು ತೆಗೆಸಿದ, ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್ ಮಾಡಿಸಿದ, ಮೋಡೆಮ್ಮನ್ನು ಬೋರ್ಡಿನ ಕೋಣೆಯಿಂದ ಎತ್ತಿಸಿದ. ತಿರುಗಿ ಫೋನು ಮಾಡಿ ಖಚಿತಪಡಿಸಿಕೊಳ್ಳುವ ಶಿವಗಂಗವ್ವನ ಪದ್ಧತಿಯನ್ನೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ, ತನ್ನದೆಂದು ಗೋಡೆಗೆ ಹಚ್ಚಿದ. ಕೊನೆಯದಾಗಿ ವಾರಕ್ಕೊಂದು ಗುಟ್ಟಿನ ಶಬ್ದ. ಹೊರಗಿನಿಂದ ಫೋನು ಮಾಡುವ ನೌಕರ ಆ ಶಬ್ದ ಹೇಳಿದರೆ ಮಾತ್ರ ಕಂಪ್ಯೂಟರ್ ವಿಭಾಗಕ್ಕೆ ಲೈನು. ಬೋರ್ಡಿನವಳು ಮಾತ್ರ ಆ ಶಬ್ದವನ್ನು ಫೋನಿನಲ್ಲಿ ತಾನಾಗಿ ಯಾರಿಗೂ ಹೇಳಕೂಡದು, ಮಾಲೀಕರಿಗೂ.

೨೦೦೧ರ ಏಪ್ರಿಲ್‌ನಲ್ಲಿ ನೌಕರರ ವ್ಯವಹಾರ ನೋಡುವ ಪರ್ಸೊನೆಲ್ ಮ್ಯಾನೇಜರ್ ನನ್ನನ್ನು ಕರೆದ. ಶೀತಲ್ ಪರೀಕ್ಷೆ ಮಾಡುತ್ತಾನೆ, ಬೋರ್ಡಿಗೆ ನೀನು ಫೋನು ಮಾಡಿ ಶಬ್ದ ಕೇಳಬೇಕು ಎಂದ. ಗುರುತಿನ ದನಿಯೇ ಹೆಚ್ಚು ಅಪಾಯ ಎನ್ನುವುದು ಶೀತಲ್‌ನ ಸಿದ್ಧಾಂತ. ನನ್ನ ಬಡ್ತಿಯ ಕಾಗದ ಇನ್ನೂ ಮಂಜೂರಾಗದೆ ಅದೇ ಮೇಜಿನ ಮೇಲಿತ್ತು. ಆಗಲಿ ಎಂದೆ. ಅವಳಿಗೆ ಒಂದು ಮಾತು ಮೊದಲೇ ಹೇಳಿಬಿಡಬಹುದು ಎಂದು ಎರಡು ದಿನ ಅಂದುಕೊಂಡೆ. ಅಂದುಕೊಳ್ಳುವುದರಲ್ಲೇ ಎರಡು ದಿನ ಮುಗಿದವು.

ಗಾಜಿನ ಕಟ್ಟಡದ ತಣ್ಣನೆಯ ಕೋಣೆಯಲ್ಲಿ ಫೋನಿನ ದನಿ ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿ, ಟೇಪು ಹಚ್ಚಿ ಶೀತಲ್ ಕೂತ. ಮೊದಲು ನಾನು ಮರಾಠಿಯಲ್ಲೇ ಕೇಳಿದೆ. ಮಾಲಿನ ಲಾರಿಯೊಂದಿಗೆ ಕುರಕುಂಭಕ್ಕೆ ಬಂದಿದ್ದೇನೆ, ಶಬ್ದ ಮರೆತಿದೆ ಎಂದೆ. ಅವಳು ನಯವಾಗಿ, ನಿಯಮ ಇದೆ ಸಾಹೇಬ, ನಂಬರು ಕೊಡಿ, ನಾನೇ ಮಾಡುತ್ತೇನೆ ಎಂದಳು. ರಸ್ತೆ ಬದಿಯ ಪಿಸಿಒ ಫೋನಿನಲ್ಲಿದ್ದೇನೆ, ಇಲ್ಲಿಗೆ ಫೋನು ಬರುವುದಿಲ್ಲ ಎಂದೆ. ಹಾಗಾದರೆ ಆಗುವುದಿಲ್ಲ, ಕ್ಷಮಿಸಿ ಎಂದಳು. ನನಗೆ ಎದೆ ಹಗುರಾಯಿತು. ಗೆದ್ದಳು ಎಂದುಕೊಂಡೆ. ಅಷ್ಟರಲ್ಲಿ ಶೀತಲ್ ಒಂದು ಕಾಗದದ ಮೇಲೆ ಏನೋ ಗೀಚಿ ನನ್ನ ಮುಂದೆ ತಳ್ಳಿದ. ಕನ್ನಡದಲ್ಲಿ ಕೇಳಿ ಎಂದಿತ್ತು. ಹಳೆಯ ವಿಚಾರಣೆಯ ಕಾಗದಗಳನ್ನು ಅವನು ಚೆನ್ನಾಗಿ ಓದಿದ್ದ, ನನ್ನ ಅಡ್ಡಹೆಸರನ್ನೂ ಗಮನಿಸಿದ್ದ.

ಫೋನು ಕೆಳಗಿಟ್ಟು ಎದ್ದು ಬರಬಹುದಾಗಿತ್ತು. ಬರಲಿಲ್ಲ.

"ಶಿವಗಂಗವ್ವ, ನಾ ಮನೋಹರ," ಎಂದೆ. "ಬಿಸಲಾಗ ಸಿಕ್ಕೊಂಡೀನಿ, ಕೆಲಸ ನಿಂತದ. ಹೇಳಿಬಿಡು ತಂಗಿ."

ಟೇಪು ತಿರುಗುತ್ತಿತ್ತು. ನನ್ನ ಬಾಯಲ್ಲಿ ಅವಳ ಪೂರ್ತಿ ಹೆಸರು ಬಂದದ್ದು ಅದೇ ಮೊದಲು.

"ಹನ್ನೊಂದು ವರ್ಷ ಆತ್ರಿ ಸಾಹೇಬ್ರ," ಎಂದಳು. ಆಮೇಲೆ ಶಬ್ದ ಹೇಳಿದಳು. "ಬಿಸಲ ಭಾಳ ಅದ. ನೀರ ಕುಡದು ಲಾರಿ ಹತ್ರಿ," ಎಂದೂ ಸೇರಿಸಿದಳು.

ಶೀತಲ್ ಟೇಪು ನಿಲ್ಲಿಸಿ ಹೊತ್ತು ಬರೆದುಕೊಂಡ. ನನಗೆ ಚಹಾ ತರಿಸಿದ. ಆ ಚಹಾ ನಾನು ಕುಡಿದೆ.

ಮರುದಿನ ಹತ್ತು ಗಂಟೆಗೆ ಮ್ಯಾನೇಜರನ ಕೋಣೆಯಲ್ಲಿ ಅವಳ ಮುಂದೆ ಟೇಪು ಹಾಕಿದರು. ನನ್ನನ್ನೂ ಕೂರಿಸಿದ್ದರು. ತನ್ನ ದನಿ ಕೇಳುತ್ತ ಅವಳು ತಲೆ ತಗ್ಗಿಸಲಿಲ್ಲ. ಟೇಪು ಮುಗಿದ ಮೇಲೆ ಶೀತಲ್ ತಾಳ್ಮೆಯಿಂದ ವಿವರಿಸಿದ. ಮನುಷ್ಯನ ನಂಬಿಕೆಯೇ ಕಂಪನಿಯ ಅತಿ ದೊಡ್ಡ ಕಿಂಡಿ, ಒಂದೇ ಮೋಸಕ್ಕೆ ಎರಡು ಸಲ ಬಿದ್ದವರನ್ನು ಬೋರ್ಡಿನ ಮೇಲೆ ಕೂರಿಸಲು ಬರುವುದಿಲ್ಲ ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ನನ್ನನ್ನು ಹೆಚ್ಚು ಉರಿಸಿತು. ಮ್ಯಾನೇಜರ್ ಕೆಲಸ ಬಿಡಿಸುವ ಕಾಗದವನ್ನು ಮುಂದಿಟ್ಟು, ತಪ್ಪು ಒಪ್ಪಿಕೊಂಡು ಸಹಿ ಹಾಕಿದರೆ ಮಾಲೀಕರು ಬೇರೆ ಕಡೆಗೆ ಒಳ್ಳೆಯ ಸರ್ಟಿಫಿಕೇಟು ಕೊಡುತ್ತಾರೆ ಎಂದ.

ಅವಳು ಕಾಗದ ಮುಟ್ಟಲಿಲ್ಲ. ಆ ಇಬ್ಬರನ್ನೂ ಬಿಟ್ಟು ನನ್ನ ಕಡೆ ತಿರುಗಿ, ಕನ್ನಡದಲ್ಲಿ ಮಾತಾಡಿದಳು.

"ನಿನ್ನೆ ಫೋನ್ ಮಾಡಿದವ್ರು ನೀವ ಹೌದಲ್ರಿ?"

ನಾನು ಹೌದೆಂದು ತಲೆಯಾಡಿಸಿದೆ.

"ನಿಮ್ಮ ದನಿ ನನಗ ಗುರುತು ಹತ್ತಿತ್ತು. ತಪ್ಪು ಗುರುತು ಹಿಡಿದಿಲ್ಲ. ಮತ್ತ ನಾ ಮೋಸ ಹೋದದ್ದು ಯಾರ ಕಡಿಂದ, ನೀವ ಹೇಳ್ರಿ."

ಕೋಣೆಯಲ್ಲಿ ಮೂವರು ಗಂಡಸರು. ಅರ್ಥವಾದದ್ದು ಒಬ್ಬನಿಗೆ. ಮ್ಯಾನೇಜರ್ ನನ್ನ ಮುಖ ನೋಡಿ, "ಕಾಯ್ ಮ್ಹಣತೇ ತೀ?" ಎಂದು ಅವಳು ಏನು ಹೇಳುತ್ತಿದ್ದಾಳೆಂದು ಕೇಳಿದ.

ತಪ್ಪು ಒಪ್ಪಿಕೊಂಡಿದ್ದಾಳೆ ಎಂದು ನಾನು ಮರಾಠಿಯಲ್ಲಿ ಹೇಳಿದೆ.

ಅವಳು ನನ್ನನ್ನು ಇನ್ನೊಂದು ಗಳಿಗೆ ನೋಡಿ, ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಅವಳಿಗೆ ನನಗಿಂತ ಚೆನ್ನಾಗಿ ಮರಾಠಿ ಬರುತ್ತಿತ್ತು.